ಶಿರಸಿಯ ಹ್ಯಾಂಡ್‌ಸೆಟ್ ಕಾರವಾರದಲ್ಲೂ ರಿಂಗಾಗಬೇಕೇ? ಖರೀದಿಗೆ ಮುನ್ನ ಹೀಗೆ ಯೋಜಿಸಿ

ಅಡಿಕೆ, ಕಾಳುಮೆಣಸಿನ ವಹಿವಾಟು ನಡೆಸುವ ಒಂದು ಸಹಕಾರಿ ಸಂಘವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಪ್ರಧಾನ ಕಚೇರಿಯೂ ವಖಾರಿಯೂ ಶಿರಸಿಯಲ್ಲಿವೆ. ಖರೀದಿ ಶಾಖೆ ಕುಮಟಾದಲ್ಲಿದೆ. ಜಿಲ್ಲಾ ಕೇಂದ್ರದ ಕೆಲಸಗಳಿಗಾಗಿ ಕಾರವಾರದಲ್ಲಿ ಒಂದು ಚಿಕ್ಕ ಕಚೇರಿಯಿದೆ. ಮೂರೂ ಕಡೆ ಒಂದೊಂದು ಇಪಿಎಬಿಎಕ್ಸ್ (ಕಚೇರಿಯ ಫೋನುಗಳನ್ನು ಜೋಡಿಸುವ ಸ್ವಂತ ಎಕ್ಸ್‌ಚೇಂಜ್) ಇದ್ದು, ಅವುಗಳನ್ನು ಲೀಸ್ಡ್ ಲೈನ್ (ಬಾಡಿಗೆಗೆ ಪಡೆದ ಪ್ರತ್ಯೇಕ ಲೈನು) ಅಥವಾ ವಿಪಿಎನ್ (ಇಂಟರ್ನೆಟ್ಟಿನೊಳಗಿನ ಖಾಸಗಿ ಹಾದಿ) ಮೂಲಕ ಒಂದಕ್ಕೊಂದು ಜೋಡಿಸಲಾಗಿದೆ. ಕಾರ್ಡ್‌ಲೆಸ್ ಹ್ಯಾಂಡ್‌ಸೆಟ್ಟನ್ನು ಯಾವ ಶಾಖೆಗೆ ಒಯ್ದರೂ ಅದು ತನ್ನದೇ ಎಕ್ಸ್‌ಟೆನ್ಷನ್ ನಂಬರಿನಲ್ಲಿ ರಿಂಗಾಗಬೇಕು ಎಂಬುದು ಆಡಳಿತ ಮಂಡಳಿಯ ಬೇಡಿಕೆ. ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ದಪ್ಪನೆಯ ಚಿರೆಕಲ್ಲಿನ ಗೋಡೆ, ತಗಡಿನ ಸೂರು ಇರುವ ವಖಾರಿಯೊಳಗೆ ಮೊಬೈಲ್ ಸಿಗ್ನಲ್ ಎಷ್ಟು ಸಿಗುತ್ತದೆ ಎಂಬುದು ಅಲ್ಲಿ ದುಡಿಯುವವರಿಗೆ ಗೊತ್ತು. ಅಲ್ಲದೆ, ಸಂಘದ ನಂಬರಿಗೆ ಬಂದ ಬೆಳೆಗಾರರ ಕರೆಯನ್ನು ಸಂಬಂಧಪಟ್ಟವರಿಗೆ ವರ್ಗಾಯಿಸುವ ಅನುಕೂಲ ಸಿಬ್ಬಂದಿಯ ಸ್ವಂತ ಮೊಬೈಲಿನಲ್ಲಿ ಇರುವುದಿಲ್ಲ.

ಇಂಥ ಯೋಜನೆಗೆ ಕೈಹಾಕುವವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ ಬೇಸ್ ಸ್ಟೇಷನ್ (ಹ್ಯಾಂಡ್‌ಸೆಟ್ಟಿಗೆ ಸಿಗ್ನಲ್ ಕೊಡುವ ಪೆಟ್ಟಿಗೆ) ಎಷ್ಟು ಬೇಕು ಎಂಬುದು. ಅದು ಎರಡನೆಯ ಪ್ರಶ್ನೆಯಾಗಬೇಕು. ಪ್ರತಿ ನಂಬರೂ ಯಾವ ಎಕ್ಸ್‌ಚೇಂಜಿಗೆ ಸೇರಿದ್ದು, ಆ ನಂಬರು ಬೇರೆ ಊರಿನಲ್ಲಿ ಕಾಣಿಸಿಕೊಂಡಾಗ ಅಲ್ಲಿನ ಎಕ್ಸ್‌ಚೇಂಜ್ ಏನು ಮಾಡಬೇಕು ಎಂಬುದು ಕಾಗದದ ಮೇಲೆ ತೀರ್ಮಾನವಾಗದ ಹೊರತು ಖರೀದಿ ಆದೇಶ ಕೊಡಬಾರದು.

ಮೊದಲ ಹಂತ: ಯಾರು, ಎಲ್ಲಿ ಓಡಾಡುತ್ತಾರೆ?

ಮಾತು ನಡೆಯುತ್ತಿರುವಾಗಲೇ ಒಂದು ಬೇಸ್‌ನ ವ್ಯಾಪ್ತಿಯಿಂದ ಇನ್ನೊಂದರ ವ್ಯಾಪ್ತಿಗೆ ಕರೆ ಕಡಿಯದೆ ದಾಟುವುದು ಹ್ಯಾಂಡೋವರ್. ಕರೆಯಿಲ್ಲದ ಹೊತ್ತಿನಲ್ಲಿ ಹ್ಯಾಂಡ್‌ಸೆಟ್ ಹೊಸ ಜಾಗ ತಲುಪಿ, ಅಲ್ಲಿ ತನ್ನನ್ನು ನೋಂದಾಯಿಸಿಕೊಂಡು ಕರೆಗೆ ಸಿದ್ಧವಾಗುವುದು ರೋಮಿಂಗ್. ಹ್ಯಾಂಡೋವರ್ ಒಂದು ಆವರಣದೊಳಗಿನ ಮಾತು. ಶಿರಸಿಗೂ ಕುಮಟಾಕ್ಕೂ ನಡುವೆ ದೇವಿಮನೆ ಘಟ್ಟವಿರುವಾಗ ಊರಿಂದೂರಿಗೆ ಹ್ಯಾಂಡೋವರ್ ಆಗುವ ಪ್ರಶ್ನೆಯೇ ಇಲ್ಲ. ಮಾರಾಟಗಾರರ ದರಪಟ್ಟಿಯಲ್ಲಿ ಅಂಥದ್ದೇನಾದರೂ ಕಂಡರೆ ವಿವರಣೆ ಕೇಳಿ.

ಆದ್ದರಿಂದ ಸಿಬ್ಬಂದಿಯ ಪಟ್ಟಿ ಮಾಡಿ, ಪ್ರತಿ ಹೆಸರಿನ ಮುಂದೆ ಆವರಣದೊಳಗಿನ ಓಡಾಟವಷ್ಟೇ ಸಾಕೇ, ಶಾಖೆಯಿಂದ ಶಾಖೆಗೆ ರೋಮಿಂಗ್ ಬೇಕೇ ಎಂದು ಬರೆಯಿರಿ. ತೂಕದ ಕಾಂಟಾದವರು, ವಖಾರಿಯ ಮೇಸ್ತ್ರಿ, ಅಡಿಕೆ ಟೆಂಡರ್ ವಿಭಾಗದ ಗುಮಾಸ್ತರು ಶಿರಸಿ ಬಿಟ್ಟು ಹೋಗುವುದಿಲ್ಲ. ವ್ಯವಸ್ಥಾಪಕರು, ಲೆಕ್ಕಪರಿಶೋಧಕರು, ಗುಣಮಟ್ಟ ನೋಡುವವರು ಮಾತ್ರ ಊರೂರು ತಿರುಗುತ್ತಾರೆ. ಅನೇಕ ವ್ಯವಸ್ಥೆಗಳಲ್ಲಿ ಲೈಸೆನ್ಸ್ ಶುಲ್ಕ ಬಳಕೆದಾರರ ಲೆಕ್ಕದಲ್ಲಿ ಇರುವುದರಿಂದ ಈ ಪಟ್ಟಿ ಚಿಕ್ಕದಾದಷ್ಟೂ ಖರ್ಚು ಕಡಿಮೆ.

ಎರಡನೆಯ ಹಂತ: ಡೆಕ್ಟ್ ಅಥವಾ ವೈಫೈ

ಡೆಕ್ಟ್ ಎಂಬುದು ಕಾರ್ಡ್‌ಲೆಸ್ ಫೋನಿನ ಮಾತಿಗೆಂದೇ ರೂಪಿಸಿದ ರೇಡಿಯೋ ತಂತ್ರಜ್ಞಾನ. ಅದರಲ್ಲಿ 10 ಮಿಲಿಸೆಕೆಂಡಿನ ಒಂದೊಂದು ಚೌಕಟ್ಟನ್ನು 24 ಪಾಲು ಮಾಡಿ, 12ನ್ನು ಹೋಗುವ ಮಾತಿಗೂ 12ನ್ನು ಬರುವ ಮಾತಿಗೂ ಹಂಚಲಾಗುತ್ತದೆ. ಅದರಲ್ಲಿ ಕೆಲವನ್ನು ವ್ಯವಸ್ಥೆಯೇ ತನ್ನ ಕೆಲಸಕ್ಕೆ ಇಟ್ಟುಕೊಳ್ಳುವುದರಿಂದ ಒಂದು ಬೇಸ್‌ನಲ್ಲಿ ಏಕಕಾಲಕ್ಕೆ ನಡೆಯಬಹುದಾದ ಕರೆಗಳು 12ಕ್ಕಿಂತ ಕಡಿಮೆಯೇ. ಕಟ್ಟಡದೊಳಗೆ 30ರಿಂದ 50 ಮೀಟರ್, ಬಯಲಿನಲ್ಲಿ ಸುಮಾರು 300 ಮೀಟರ್ ಅದರ ವ್ಯಾಪ್ತಿ. ವೈಫೈ ಹ್ಯಾಂಡ್‌ಸೆಟ್ಟಿನಲ್ಲಿ ಹೊಸ ತಂತಿ ಎಳೆಯುವ ಕೆಲಸ ಕಡಿಮೆ, ಆದರೆ ಬಿಲ್ಲಿಂಗ್ ಕಂಪ್ಯೂಟರು, ಸಿಸಿಟಿವಿಯ ಜೊತೆ ಅದು ಒಂದೇ ರೇಡಿಯೋ ಹಾದಿಯನ್ನು ಹಂಚಿಕೊಳ್ಳಬೇಕಾಗುತ್ತದೆ. ವೈಫೈ ಬಳಸುವ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮಾತ್ರ. ಕಾರವಾರದ ಚಿಕ್ಕ ಕಚೇರಿಗೆ ವೈಫೈ ಸಾಕಾಗಬಹುದಾದರೂ, ಮೂರೂ ಕಡೆ ಒಂದೇ ತಂತ್ರಜ್ಞಾನ ಇರದಿದ್ದರೆ ಒಂದೇ ಹ್ಯಾಂಡ್‌ಸೆಟ್ ಎಲ್ಲೆಡೆ ನಡೆಯುವುದಿಲ್ಲ. ನನ್ನ ಆಯ್ಕೆ ಡೆಕ್ಟ್. ಯಾವುದನ್ನೇ ಕೊಂಡರೂ ಆ ಮಾದರಿಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ (ರೇಡಿಯೋ ಉಪಕರಣಗಳನ್ನು ನೋಡಿಕೊಳ್ಳುವ ವಿಭಾಗ) ಇಟಿಎ, ಅಂದರೆ ಉಪಕರಣದ ಮಾದರಿಗೆ ಕೊಡುವ ಅನುಮೋದನೆಯ ಪ್ರಮಾಣಪತ್ರ ಇದೆಯೇ ಎಂದು ನೋಡಿಕೊಳ್ಳಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ವಿದೇಶಿ ಸೆಟ್ಟುಗಳ ವಿಷಯದಲ್ಲಿ ಈ ಎಚ್ಚರ ಹೆಚ್ಚು ಬೇಕು.

ಮೂರನೆಯ ಹಂತ: ನಂಬರಿಗೊಂದು ಸ್ವಂತ ಊರು

ಇಡೀ ಯೋಜನೆಯ ತಿರುಳು ಇಲ್ಲಿದೆ. ಮೂರೂ ಎಕ್ಸ್‌ಚೇಂಜ್‌ಗಳಲ್ಲಿ ಯಾವ ನಂಬರೂ ಪುನರಾವರ್ತನೆಯಾಗಬಾರದು. ಇಂದು ಶಿರಸಿಯಲ್ಲೂ 201, ಕುಮಟಾದಲ್ಲೂ 201 ಇದ್ದರೆ ಮೊದಲು ಅದನ್ನು ಸರಿಪಡಿಸಿ: ಶಿರಸಿಗೆ 2000ದ ಸಾಲು, ಕುಮಟಾಕ್ಕೆ 4000, ಕಾರವಾರಕ್ಕೆ 6000 ಎಂದು ನಾಲ್ಕಂಕಿಯಲ್ಲಿ ಹಂಚಬಹುದು. ಹೊರಗಿನ ಲೈನಿಗೆ ಬಳಸುವ 0, ತುರ್ತು ಕರೆಯ 112ರ ಮೊದಲಂಕಿಯಾದ 1, ಇವುಗಳಿಂದ ಎಕ್ಸ್‌ಟೆನ್ಷನ್ ಆರಂಭವಾಗುವುದು ಬೇಡ.

ವ್ಯವಸ್ಥಾಪಕರ 2005 ಕಾರವಾರ ತಲುಪಿತೆಂದುಕೊಳ್ಳಿ. ಹ್ಯಾಂಡ್‌ಸೆಟ್ ಅಲ್ಲಿನ ಬೇಸ್ ಪ್ರಸಾರ ಮಾಡುವ ಗುರುತನ್ನು ಓದಿ, ಅದು ತನಗೆ ನೋಂದಣಿಯಿರುವ ವ್ಯವಸ್ಥೆಯೇ ಎಂದು ನೋಡುತ್ತದೆ. ಹೌದಾದರೆ ಕಾರವಾರದ ಎಕ್ಸ್‌ಚೇಂಜ್ ಅದನ್ನು ಅತಿಥಿಯೆಂದು ಬರೆದುಕೊಂಡು, 2005 ನನ್ನಲ್ಲಿದೆ ಎಂದು ಶಿರಸಿಗೆ ತಿಳಿಸುತ್ತದೆ. ಅಲ್ಲಿಂದ ಮುಂದೆ 2005ಕ್ಕೆ ಬರುವ ಪ್ರತಿ ಕರೆಯನ್ನೂ ಶಿರಸಿಯ ಎಕ್ಸ್‌ಚೇಂಜ್ ಕಾರವಾರಕ್ಕೆ ಅಟ್ಟುತ್ತದೆ. ವಾಯ್ಸ್‌ಮೇಲ್, ಕರೆಯ ಮಿತಿ, ಬಾಸ್-ಸೆಕ್ರೆಟರಿ ಸೌಲಭ್ಯಗಳೆಲ್ಲ ಶಿರಸಿಯಲ್ಲೇ ಉಳಿಯುತ್ತವೆ. ಇದು ತಾನಾಗಿ ನಡೆಯಬೇಕಾದರೆ ಮೂರೂ ಕಡೆಯ ಬೇಸ್‌ಗಳು ಒಂದೇ ವ್ಯವಸ್ಥೆಯ ಗುರುತನ್ನು ಪ್ರಸಾರ ಮಾಡಬೇಕು, ಇಲ್ಲವೇ ಹ್ಯಾಂಡ್‌ಸೆಟ್ಟನ್ನು ಪ್ರತಿ ಕಡೆ ಬೇರೆಯಾಗಿ ನೋಂದಾಯಿಸಿ ವ್ಯವಸ್ಥೆಯ ಆಯ್ಕೆಯನ್ನು ‘ಆಟೋ’ದಲ್ಲಿ ಇಡಬೇಕು. ಎಕ್ಸ್‌ಚೇಂಜ್‌ಗಳು ಬೇರೆ ಬೇರೆ ಕಂಪನಿಯವಾದರೆ ಮಾತು ಹಾದುಹೋದರೂ ಅತಿಥಿಯ ಸುದ್ದಿ ಹಾದುಹೋಗುವ ಭರವಸೆಯಿಲ್ಲ. ಉಪಕರಣ ಖರೀದಿಯ ಟೆಂಡರಿನಲ್ಲಿ ಈ ಒಂದು ಅಂಶವನ್ನು ಸ್ಪಷ್ಟವಾಗಿ ಬರೆಯಿರಿ.

ಇಲ್ಲಿ ಎರಡು ಸುಳಿಗಳಿವೆ. ಮೊದಲನೆಯದು, ಕಾರವಾರದಲ್ಲಿ ಪಕ್ಕದ ಮೇಜಿನವರು 2005ಕ್ಕೆ ಕರೆ ಮಾಡಿದರೂ ಕೆಲವು ವ್ಯವಸ್ಥೆಗಳಲ್ಲಿ ಆ ಮಾತು ಶಿರಸಿಗೆ ಹೋಗಿ ಮರಳಿ ಬರುತ್ತದೆ. ಮಾತನ್ನು ಡಿಜಿಟಲ್ ಮಾಡಿ ಕಳಿಸುವ ಜಿ.711 ವಿಧಾನದಲ್ಲಿ ಈಥರ್ನೆಟ್ಟಿನ ಹೊರೆ ಸೇರಿ ಒಂದು ಕರೆಗೆ ಒಂದು ದಿಕ್ಕಿನಲ್ಲಿ ಸುಮಾರು 87 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ಲೈನ್ ಸಾಮರ್ಥ್ಯ ಬೇಕು. ಹೋಗಿ ಬರುವ ಕರೆಗೆ ಅದರ ಇಮ್ಮಡಿ. ನೇರ ದಾರಿ ಹಿಡಿಯುವ ಸೌಲಭ್ಯ ಇದ್ದರೆ ಅದನ್ನು ಚಾಲೂ ಮಾಡಿಸಿ.

ಎರಡನೆಯದು ಹೆಚ್ಚು ಗಂಭೀರವಾದದ್ದು. ಕಾರವಾರದಲ್ಲಿರುವ ಶಿರಸಿಯ ಹ್ಯಾಂಡ್‌ಸೆಟ್ಟಿನಿಂದ 112 ಒತ್ತಿದಾಗ, ನಂಬರಿನ ಸ್ವಂತ ಊರು ಶಿರಸಿಯೆಂಬ ಕಾರಣಕ್ಕೆ ಕರೆ ಶಿರಸಿಯ ಲೈನಿನಿಂದ ಹೊರಬಿದ್ದರೆ, ನೆರವಿಗೆ ಬರುವವರಿಗೆ ತಪ್ಪು ಊರಿನ ಸುಳಿವು ಸಿಗುತ್ತದೆ. ತುರ್ತು ಕರೆಗಳು ಅತಿಥಿ ಇರುವ ಊರಿನ ಲೈನಿನಿಂದಲೇ ಹೊರಹೋಗುವಂತೆ ಪ್ರತ್ಯೇಕ ನಿಯಮ ಬರೆಸಿ, 112 ಮತ್ತು 0112 ಎರಡೂ ನಡೆಯುವಂತೆ ಮಾಡಿಸಿ. ಉಳಿದ ಹೊರಕರೆಗಳ ಲೆಕ್ಕ ಬೇರೆ. ಶಿರಸಿಯ 08384, ಕಾರವಾರದ 08382, ಕುಮಟಾದ 08386 ಸ್ಥಿರ ದೂರವಾಣಿಗಳ ನಡುವೆ ಸಂಘದ ಒಳಜಾಲವನ್ನು ಹಾಯಿಸಿ ಕರೆ ಹೊರಬಿಡುವುದಕ್ಕೆ ದೂರಸಂಪರ್ಕ ಇಲಾಖೆಯ ನಿಯಮಗಳು ಅನ್ವಯಿಸುವುದರಿಂದ, ಯಾವುದಕ್ಕೆ ಅನುಮತಿಯಿದೆ ಎಂಬುದನ್ನು ಸೇವಾದಾರರಿಂದ ಬರಹದಲ್ಲಿ ಪಡೆಯಿರಿ.

ನಾಲ್ಕನೆಯ ಹಂತ: ಮಾಲು ತುಂಬಿದಾಗ ಅಳೆಯಿರಿ

ಬೇಸ್‌ಗಳ ಜಾಗವನ್ನು ನಕ್ಷೆ ನೋಡಿ ನಿರ್ಧರಿಸಬೇಡಿ. ಒಂದು ಬೇಸ್‌ಗೆ ಬ್ಯಾಟರಿ ಕೊಟ್ಟು, ಅದನ್ನು ಮುಂದೆ ಕೂರಿಸಬೇಕೆಂದಿರುವ ಎತ್ತರಕ್ಕೆ ಬಿದಿರಿನ ಗಳುವಿನ ತುದಿಯಲ್ಲಿ ಕಟ್ಟಿ ನಿಲ್ಲಿಸಿ. ಅಡಿಕೆಯ ಕೊನೆ (ಗೊಂಚಲು) ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಹಗುರವಾಗಿ ಕೈಗೆ ಸಿಗುತ್ತದೆಂದು ಅದನ್ನೇ ಬಳಸಬೇಡಿ. ಕಾರ್ಬನ್ ವಿದ್ಯುತ್ ವಾಹಕವಾದ್ದರಿಂದ ಅಳತೆ ಕೆಡುತ್ತದೆ. ಬಳಿಕ ಹ್ಯಾಂಡ್‌ಸೆಟ್ಟನ್ನು ಸಿಗ್ನಲ್ ಬಲ ತೋರಿಸುವ ಸರ್ವೇ ಮೋಡಿನಲ್ಲಿ ಇಟ್ಟು ನಡೆಯಿರಿ. ಪರದೆಯ ಅಂಕಿ ಮೈನಸ್ 70 ಡಿಬಿಎಂ ಆಸುಪಾಸಿಗೆ ಇಳಿದಲ್ಲಿ ನೆಲದ ಮೇಲೆ ಸುಣ್ಣದ ಗೆರೆ ಎಳೆಯಿರಿ; ಮುಂದಿನ ಬೇಸ್‌ನ ಸಿಗ್ನಲ್ ಆ ಗೆರೆಯ ಒಳಗಡೆಯೇ ಗಟ್ಟಿಯಾಗಿ ಸಿಗುವಂತಿರಬೇಕು. ನಡೆಯುವಾಗ ಸೆಟ್ಟನ್ನು ಎತ್ತಿ ಹಿಡಿಯದೆ ಸೊಂಟದ ಕ್ಲಿಪ್ಪಿಗೆ ಸಿಕ್ಕಿಸಿ, ಏಕೆಂದರೆ ಬಳಸುವವರು ಇಟ್ಟುಕೊಳ್ಳುವುದು ಅಲ್ಲೇ, ಮೈ ಕೂಡ ಸಿಗ್ನಲನ್ನು ತಡೆಯುತ್ತದೆ.

ಖಾಲಿ ವಖಾರಿಯಲ್ಲಿ ಒಂದೇ ಬೇಸ್ ಇಡೀ ಅಂಕಣವನ್ನು ತುಂಬಬಹುದು. ಚಾಲಿ, ರಾಶಿ ಅಡಿಕೆಯ ಚೀಲಗಳು ಸೂರಿನವರೆಗೆ ಏರಿದಾಗ ಅವುಗಳಲ್ಲಿನ ತೇವಾಂಶ ಅಲೆಯನ್ನು ಹೀರಿಕೊಂಡು, ಸಾಲುಗಳ ನಡುವಿನ ಓಣಿಗಳು ಮೌನವಾಗುತ್ತವೆ. ತಗಡಿನ ಸೂರು, ಕಬ್ಬಿಣದ ಶಟರ್‌ಗಳು ಅಲೆಯನ್ನು ಹಿಂದಕ್ಕೆ ಎಸೆಯುತ್ತವೆ. ಹೀಗಾಗಿ ಅಳತೆ ಮಾಲು ತುಂಬಿದ ದಿನಗಳಲ್ಲೇ ಆಗಬೇಕು, ಶಟರ್ ಎಳೆದಾಗಲೂ ತೆರೆದಾಗಲೂ ಆಗಬೇಕು. ಅಡಿಕೆ ಟೆಂಡರ್ ನಡೆಯುವ ಅಂಗಳದಲ್ಲಿ ವ್ಯಾಪ್ತಿಗಿಂತ ದಟ್ಟಣೆಯ ಚಿಂತೆ ಹೆಚ್ಚು. ದರ ಗೊತ್ತಾಗುವ ಹೊತ್ತಿಗೆ ಎಲ್ಲರೂ ಒಮ್ಮೆಲೇ ಫೋನೆತ್ತುವ ಕಾರಣ ಅಲ್ಲಿ ಎರಡು ಬೇಸ್ ಇಡುವುದು ಲೇಸು.

ಹ್ಯಾಂಡೋವರ್ ಆಗಬೇಕಾದ ಬೇಸ್‌ಗಳು ಒಂದೇ ಗಡಿಯಾರಕ್ಕೆ ಹೊಂದಿಕೊಂಡಿರಬೇಕು. ಗಾಳಿಯ ಮೂಲಕ ಹೊಂದಿಕೊಳ್ಳುವ ಮಾದರಿಯಲ್ಲಿ ಪ್ರತಿ ಬೇಸ್‌ಗೂ ಕನಿಷ್ಠ ಎರಡು ನೆರೆಯ ಬೇಸ್‌ಗಳು ಕೇಳಿಸುವಂತಿದ್ದರೆ, ಒಂದು ಕೆಟ್ಟರೂ ಸರಪಳಿ ಕಡಿಯುವುದಿಲ್ಲ. ಊರಿಗೊಂದು ಪ್ರತ್ಯೇಕ ಸಿಂಕ್ ಗುಂಪು (ಒಂದೇ ಗಡಿಯಾರದ ಬೇಸ್‌ಗಳ ಗುಂಪು) ಮಾಡಿದರೆ ಸಾಕು.

ಐದನೆಯ ಹಂತ: ಲೈನು, ಕರೆಂಟು, ಸಿಡಿಲು

ಶಾಖೆಗಳ ನಡುವಿನ ಲೈನಿನಲ್ಲಿ ಮಾತಿನ ಪ್ಯಾಕೆಟ್‌ಗಳಿಗೆ ಆದ್ಯತೆ ಕೊಡಿಸಿ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಮೀರದಿದ್ದರೆ ಮಾತು ಸಲೀಸು. ಮಳೆಗಾಲದಲ್ಲಿ ಘಟ್ಟದ ರಸ್ತೆಯಂಚಿನ ಫೈಬರ್ ತುಂಡಾದಾಗ ಅತಿಥಿ ಹ್ಯಾಂಡ್‌ಸೆಟ್‌ಗಳ ಗತಿಯೇನು ಎಂದು ಮೊದಲೇ ಕೇಳಿ: ಕನಿಷ್ಠಪಕ್ಷ ಸ್ಥಳೀಯ ಕರೆ ಮತ್ತು 112 ನಡೆಯಬೇಕು. ಯುಪಿಎಸ್ ಎಕ್ಸ್‌ಚೇಂಜಿಗೆ ಇದ್ದರೆ ಸಾಲದು, ಬೇಸ್‌ಗಳಿಗೆ ಕರೆಂಟು ಉಣಿಸುವ ಪಿಒಇ ಸ್ವಿಚ್ಚಿಗೂ ಇರಬೇಕು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರದ ಬದಲು ಫೈಬರ್ ಎಳೆದರೆ ಸಿಡಿಲಿನ ಕಾಟ ಬಹಳಷ್ಟು ತಪ್ಪುತ್ತದೆ. ಕಾರವಾರದ ಉಪ್ಪುಗಾಳಿಗೆ ಹೊರಗೋಡೆಯ ಕನೆಕ್ಟರ್‌ಗಳು ಬೇಗ ಹಸಿರುಗಟ್ಟುವುದರಿಂದ ಅಲ್ಲಿ ಬೇಸ್ ಒಳಗೇ ಇರಲಿ.

ಆರನೆಯ ಹಂತ: ಹಣ ಪಾವತಿಗೆ ಮುನ್ನ ಪರೀಕ್ಷೆ

ಶಿರಸಿಯ ಒಂದು ಸೆಟ್ಟನ್ನು ಚಾಲೂ ಇಟ್ಟುಕೊಂಡೇ ಕುಮಟಾಕ್ಕೆ ಒಯ್ದು, ಏನನ್ನೂ ಒತ್ತದೆ ಅದು ನೋಂದಣಿಯಾಗಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದುಕೊಳ್ಳಿ. ಅದಕ್ಕೆ ಮೂರೂ ಊರಿನಿಂದ ಕರೆ ಮಾಡಿಸಿ. ಲೈನ್ ಕಿತ್ತು ಮತ್ತೊಮ್ಮೆ ನೋಡಿ. ಅಲ್ಲೇ ಸ್ವಿಚ್ ಆಫ್ ಮಾಡಿ, ಶಿರಸಿಗೆ ಮರಳಿದ ಮೇಲೆ ಚಾಲೂ ಮಾಡಿ. ಕುಮಟಾದ ಅತಿಥಿ ಪಟ್ಟಿಯಿಂದ ಹಳೆಯ ದಾಖಲೆ ಅಳಿಯದಿದ್ದರೆ ಕರೆಗಳು ಖಾಲಿ ಜಾಗಕ್ಕೆ ಹೋಗುತ್ತಲೇ ಇರುತ್ತವೆ. ಸೆಟ್ ಕಳೆದುಹೋದಾಗ ಅದರ ನೋಂದಣಿಯನ್ನು ಮೂರೂ ಎಕ್ಸ್‌ಚೇಂಜ್‌ಗಳಿಂದ ತೆಗೆಯುವ ವಿಧಾನವನ್ನು ಗುತ್ತಿಗೆದಾರರು ನಿಮ್ಮ ಸಿಬ್ಬಂದಿಯ ಕೈಯಿಂದಲೇ ಒಮ್ಮೆ ಮಾಡಿಸಿ ತೋರಿಸಿದ ಬಳಿಕವೇ ಕೊನೆಯ ಕಂತನ್ನು ಬಿಡುಗಡೆ ಮಾಡಿ.