ಅಗ್ಗದ ವಿಮಾನ ಟಿಕೆಟ್: ಕೌಂಟರಿನಲ್ಲಿ ಕೈ ಸುಟ್ಟುಕೊಳ್ಳದಿರಲು ಹೀಗೆ ಮಾಡಿ

ಕೌಂಟರಿನ ತೂಕದ ಯಂತ್ರದಲ್ಲಿ 18.6 ಎಂದು ಮೂಡಿತು. ಪುಣೆಯಲ್ಲಿರುವ ಅಕ್ಕನ ಬಾಣಂತನಕ್ಕೆ ಹೊರಟಿದ್ದ ಅಮ್ಮನಿಗೆ ಅದೇ ಮೊದಲ ವಿಮಾನ. ‘ಅಮ್ಮಾ, 15 ಕೆ.ಜಿ. ಮಾತ್ರ ಫ್ರೀ. ಮೇಲಿನದ್ದಕ್ಕೆ ದುಡ್ಡು ಕಟ್ಟಬೇಕು’ ಎಂದಳು ಕೌಂಟರಿನ ಹುಡುಗಿ. ಎರಡೇ ದಿನಕ್ಕೆ ವಾಪಸ್ ಬರುವವನೆಂದು ನಾನು ಕೈಚೀಲ ಮಾತ್ರ ಒಯ್ಯುವ ‘ಲೈಟ್’ ಟಿಕೆಟ್ ತೆಗೆದುಕೊಂಡಿದ್ದೆ. ಹಾಗಾಗಿ ಅಮ್ಮನ ಹೊರೆಯನ್ನು ನನ್ನ ಲೆಕ್ಕಕ್ಕೆ ಹಾಕುವಂತೆಯೂ ಇರಲಿಲ್ಲ.

ಸಾಲಿನಿಂದ ಪಕ್ಕಕ್ಕೆ ಸರಿದು ನೆಲದ ಮೇಲೆ ಬ್ಯಾಗ್ ಬಿಚ್ಚಿದೆವು. ರಾಗಿಹಿಟ್ಟು, ಹುರಿದ ಮೆಂತ್ಯದ ಪುಡಿ, ಅಂಟು, ಉತ್ತುತ್ತೆ, ತುಪ್ಪದ ಡಬ್ಬಿ, ಅಮ್ಮನ ಹಳೇ ಸೀರೆಯಲ್ಲಿ ಸುತ್ತಿದ್ದ ತಿಪಟೂರಿನ ಕೊಬ್ಬರಿ. ಹಿಂದೆ ನಿಂತವರೆಲ್ಲ ನೋಡುತ್ತಿದ್ದರು. ಅಮ್ಮ ತಲೆ ಎತ್ತದೆ ಒಂದೊಂದನ್ನೇ ತೆಗೆದಿಟ್ಟರು. ದುಡ್ಡು ಹೋದದ್ದಕ್ಕಿಂತ ಆ ಐದು ನಿಮಿಷ ನನ್ನನ್ನು ಇವತ್ತಿಗೂ ಕಾಡುತ್ತದೆ. ನಮ್ಮ ತುಮಕೂರಿನಿಂದ ಈಗ ಮಗ-ಮಗಳ ಮನೆಗೆಂದು ಎಷ್ಟೋ ತಂದೆ-ತಾಯಂದಿರು ವಿಮಾನ ಹತ್ತುತ್ತಿದ್ದಾರೆ. ಅವರ್‍ಯಾರಿಗೂ ಹಾಗಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಲಗೇಜ್, ಆಮೇಲೆ ದರ

ಮೊಬೈಲ್ ತೆರೆದು ಯಾವ ವಿಮಾನ ಅಗ್ಗವೆಂದು ನೋಡುವ ಮೊದಲು ಏನೇನು ಒಯ್ಯಬೇಕೆಂದು ಚೀಟಿಯಲ್ಲಿ ಬರೆದುಕೊಳ್ಳಿ. ದೇಶದೊಳಗಿನ ಹಾರಾಟಕ್ಕೆ ನಮ್ಮ ಅಗ್ಗದ ದರದ ವಿಮಾನ ಕಂಪನಿಗಳ ಮಾಮೂಲಿ ಟಿಕೆಟ್‌ನಲ್ಲಿ ಸಾಮಾನ್ಯವಾಗಿ 15 ಕೆ.ಜಿ. ಚೆಕ್-ಇನ್ ಲಗೇಜ್ (ಕೌಂಟರಿನಲ್ಲಿ ಒಪ್ಪಿಸಿ ಕಳಿಸುವ ಬ್ಯಾಗ್), 7 ಕೆ.ಜಿ. ಕೈಚೀಲ ಸಿಗುತ್ತದೆ. ಆ 15 ಕೆ.ಜಿ.ಯನ್ನು ಎರಡು ಬ್ಯಾಗಿಗೆ ಹಂಚಿದರೆ ಎರಡನೇ ಬ್ಯಾಗಿಗೆ ಬೇರೆ ಶುಲ್ಕ ಕೇಳುವ ಕಂಪನಿಗಳೂ ಇವೆ. ಚೆಕ್-ಇನ್ ಲಗೇಜ್ ಇಲ್ಲದವರಿಗೆ ರಿಯಾಯಿತಿ ದರದ ಟಿಕೆಟ್ ಕೊಡಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2021ರ ಫೆಬ್ರುವರಿಯಲ್ಲಿ ಒಪ್ಪಿಗೆ ನೀಡಿತು. ಅದರ ಜೊತೆಗೆ ಒಂದು ಷರತ್ತನ್ನೂ ಹಾಕಿತು: ಇಂಥ ಟಿಕೆಟ್ ಕೊಂಡವರು ಲಗೇಜ್ ತಂದರೆ ಎಷ್ಟು ಕಟ್ಟಬೇಕೆಂಬುದನ್ನು ಬುಕಿಂಗ್ ಹೊತ್ತಿನಲ್ಲೇ ತೋರಿಸಬೇಕು, ಟಿಕೆಟ್ ಮೇಲೂ ಮುದ್ರಿಸಬೇಕು. ಆ ಸಾಲನ್ನು ಹುಡುಕಿ ಓದಿ. ನಾನು ಓದಿರಲಿಲ್ಲ.

ಎರಡು ಕಂಪನಿಗಳ ದರ ಹೋಲಿಸುವಾಗ ಮೊದಲ ಪುಟದ ಅಂಕಿ ನಂಬಬೇಡಿ. ದುಡ್ಡು ಕಟ್ಟುವ ಕೊನೆಯ ಪುಟದವರೆಗೆ ಎರಡನ್ನೂ ಒಯ್ದು, ಲಗೇಜು ಸೇರಿಸಿದ ಮೊತ್ತವನ್ನು ಪಕ್ಕಪಕ್ಕ ಬರೆಯಿರಿ. ಮೊದಲ ಪುಟದಲ್ಲಿ ₹3,900 ಇದ್ದದ್ದು ಕೊನೆಗೆ ₹5,200 ಆಗಿ, ₹4,300 ಇದ್ದದ್ದು ₹4,700ಕ್ಕೇ ನಿಲ್ಲುವುದೂ ಉಂಟು. ತೂಕ ಹೆಚ್ಚಾಗುವುದು ಖಚಿತವಾದರೆ ಹೆಚ್ಚುವರಿ ಕೆ.ಜಿ.ಗಳನ್ನು ಆನ್‌ಲೈನ್‌ನಲ್ಲೇ ಮುಂಗಡ ಕೊಳ್ಳಿ. ಕೌಂಟರಿನ ದರಕ್ಕಿಂತ ಅದು ಕಡಿಮೆ. ಹಾರಾಟಕ್ಕೆ ಕೆಲವು ಗಂಟೆ ಇರುವಾಗ ಆ ಬಾಗಿಲು ಮುಚ್ಚುತ್ತದೆ, ಆದ್ದರಿಂದ ಹಿಂದಿನ ದಿನವೇ ಮುಗಿಸಿ.

ದುಡ್ಡು ಕಟ್ಟುವ ಪುಟದಲ್ಲಿ ನಿಧಾನಿಸಿ

ಇಲ್ಲಿ ಅವಸರ ಮಾಡಿದವರೇ ಹೆಚ್ಚು ಕಳೆದುಕೊಳ್ಳುವುದು. ವಿಮೆ, ದೇಣಿಗೆ, ಊಟ, ಬೇಗ ಹತ್ತುವ ಸೌಲಭ್ಯ, ಇವುಗಳಲ್ಲಿ ಯಾವುದರ ಮುಂದಾದರೂ ಮೊದಲೇ ಟಿಕ್ ಬಿದ್ದಿದೆಯೇ ನೋಡಿ, ಬೇಡದ್ದನ್ನು ತೆಗೆಯಿರಿ. ನೀವು ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಮೊದಲು ಕಡಿಮೆ ದರ ತೋರಿಸಿ ಹಂತಹಂತವಾಗಿ ಏರಿಸುವುದು, ‘ಬೇಡ’ ಎನ್ನುವವರಿಗೆ ನಾಚಿಕೆಯಾಗುವಂಥ ಮಾತು ಬರೆಯುವುದು, ಇವೆಲ್ಲ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ನಿಷೇಧಿಸಿದ 13 ಬಗೆಯ ಮೋಸದ ವಿನ್ಯಾಸಗಳಲ್ಲಿ ಸೇರಿವೆ. ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸೀಟಿನ ವಿಷಯವೂ ಹೀಗೆಯೇ. ಬಣ್ಣಬಣ್ಣದ ಸೀಟುಗಳ ನಕ್ಷೆ ಬಂದ ಕೂಡಲೇ ಒಂದನ್ನು ಆರಿಸಲೇಬೇಕೆಂದು ಬಹಳ ಜನ ತಿಳಿಯುತ್ತಾರೆ. ಆರಿಸದೆ ಮುಂದೆ ಹೋಗುವ ‘ಸ್ಕಿಪ್’ ಗುಂಡಿ ಮೂಲೆಯಲ್ಲಿ ಸಣ್ಣದಾಗಿ ಇರುತ್ತದೆ. ಸೀಟು ಆರಿಸದಿದ್ದರೂ ಕಂಪನಿ ಒಂದನ್ನು ಕೊಟ್ಟೇ ಕೊಡುತ್ತದೆ. ಮಕ್ಕಳು ಎಲ್ಲೋ ಒಂದು ಕಡೆ, ನಾವೊಂದು ಕಡೆ ಆಗುತ್ತೇವೆಂಬ ಭಯಕ್ಕೆ ದುಡ್ಡು ಕೊಡಬೇಕಿಲ್ಲ. 12 ವರ್ಷದೊಳಗಿನ ಮಕ್ಕಳಿಗೆ ಅದೇ ಪಿಎನ್‌ಆರ್‌ನಲ್ಲಿರುವ, ಅಂದರೆ ಅದೇ ಬುಕಿಂಗ್ ಸಂಖ್ಯೆಯಲ್ಲಿರುವ, ತಂದೆ-ತಾಯಿ ಅಥವಾ ಪೋಷಕರೊಬ್ಬರ ಪಕ್ಕದಲ್ಲೇ ಸೀಟು ಕೊಡಬೇಕೆಂದು ಡಿಜಿಸಿಎ 2024ರ ಏಪ್ರಿಲ್‌ನಲ್ಲಿ ಸೂಚಿಸಿದೆ. ಅದಕ್ಕೇ ಮನೆಯವರೆಲ್ಲರ ಟಿಕೆಟನ್ನು ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಿ.

ಬುಕ್ ಆದ ದಿನವೇ ಹೆಸರು ನೋಡಿ

ನಮ್ಮ ಕಡೆ ಆಧಾರ್‌ನಲ್ಲಿ ಒಂದು, ಮತದಾರರ ಚೀಟಿಯಲ್ಲಿ ಇನ್ನೊಂದು ಕಾಗುಣಿತ ಇರುವುದು ಮಾಮೂಲು. ವಿಮಾನ ಕಂಪನಿಯ ವೆಬ್‌ಸೈಟ್‌ನಲ್ಲೇ ನೇರವಾಗಿ ಬುಕ್ ಮಾಡಿದ್ದರೆ 24 ಗಂಟೆಯೊಳಗೆ ಹೆಸರಿನ ತಪ್ಪನ್ನು ಉಚಿತವಾಗಿ ಸರಿಪಡಿಸಿಕೊಳ್ಳಬಹುದು. ದೇಶದೊಳಗಿನ ಪ್ರಯಾಣಕ್ಕೆ 7 ದಿನವಾದರೂ ಬಾಕಿಯಿದ್ದರೆ ಹೀಗೆ ಬುಕ್ ಮಾಡಿದ 48 ಗಂಟೆಯೊಳಗೆ ದಂಡವಿಲ್ಲದೆ ಟಿಕೆಟ್ ರದ್ದು ಮಾಡಲೂಬಹುದು.

ಮನೆಯಲ್ಲೇ ತೂಗಿ

ಇದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ವ್ಯರ್ಥ. ಕೊಕ್ಕೆಗೆ ಬ್ಯಾಗ್ ಸಿಕ್ಕಿಸಿ ಎತ್ತುವ ಸಣ್ಣ ಡಿಜಿಟಲ್ ತಕ್ಕಡಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅದೂ ಬೇಡವೆಂದರೆ ಬೀದಿಯ ದಿನಸಿ ಅಂಗಡಿಗೆ ಬ್ಯಾಗ್ ಒಯ್ದು ತೂಕಕ್ಕೆ ಇಡಿ, ಬೇಡವೆನ್ನುವ ಅಂಗಡಿಯವರನ್ನು ನಾನು ಕಂಡಿಲ್ಲ. 14 ಕೆ.ಜಿ.ಗೆ ನಿಲ್ಲಿಸಿ. ಒಂದು ಕೆ.ಜಿ. ಕೈಯಲ್ಲಿದ್ದರೆ ಕೌಂಟರಿನಲ್ಲಿ ಎದೆ ಹೊಡೆದುಕೊಳ್ಳುವುದಿಲ್ಲ. ಖಾಲಿ ಸೂಟ್‌ಕೇಸಿನ ತೂಕವನ್ನೂ ನೋಡಿ: ಗಟ್ಟಿ ಕವಚದ ದೊಡ್ಡ ಸೂಟ್‌ಕೇಸ್ ತಾನೇ ನಾಲ್ಕು ಕೆ.ಜಿ. ತಿಂದುಬಿಡುತ್ತದೆ. ಹಿಟ್ಟು, ಪುಡಿಗಳನ್ನು ಸ್ಟೀಲ್ ಡಬ್ಬಿಯಿಂದ ತೆಗೆದು ದಪ್ಪನೆಯ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸುತ್ತು ಕಟ್ಟಿ. ಅಮ್ಮನ ಬ್ಯಾಗಿನಲ್ಲಿ ಬರೀ ಡಬ್ಬಿಗಳೇ ಎರಡು ಕೆ.ಜಿ. ಇದ್ದವು.

ಕೈಚೀಲಕ್ಕೆ ತೂಕದ ಜೊತೆ ಅಳತೆಯೂ ಉಂಟು. ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿದರೆ 115 ಸೆಂ.ಮೀ. ಒಳಗಿರಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಬ್ಯಾಗಿಗೆ ಹಾಕಿದರೆ ಬ್ಯಾಗ್ ತಡೆಹಿಡಿಯುತ್ತಾರೆ. ಉಪ್ಪಿನಕಾಯಿ, ತುಪ್ಪ ಚೆಕ್-ಇನ್ ಬ್ಯಾಗಿಗೇ ಸರಿ. ಭದ್ರತಾ ತಪಾಸಣೆಯಲ್ಲಿ ಉಪ್ಪಿನಕಾಯಿ ಬಿಟ್ಟು ಹೋಗುವವರನ್ನು ಪ್ರತಿಸಲ ನೋಡುತ್ತೇನೆ.

ಇನ್ನು ಕೊಬ್ಬರಿ. ನಮ್ಮ ಜಿಲ್ಲೆಯವರು ಇದನ್ನು ತಿಳಿದಿರಲೇಬೇಕು. ಒಣಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು. ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ ಯುಎನ್ 1363 ಎಂಬ ಸಂಖ್ಯೆಯೇ ಇದೆ. ಹಾಗಾಗಿ ವಿಮಾನ ಕಂಪನಿಗಳು ಅದನ್ನು ಒಯ್ಯಲು ಬಿಡುವುದಿಲ್ಲ, ಎಷ್ಟು ದುಡ್ಡು ಕಟ್ಟುತ್ತೇವೆಂದರೂ ಇಲ್ಲ. ಅವತ್ತು ಅಮ್ಮ ಆರಿಸಿ ತಂದಿದ್ದ ಕೊಬ್ಬರಿಯೆಲ್ಲ ವಿಮಾನ ನಿಲ್ದಾಣದಲ್ಲೇ ಉಳಿಯಿತು. ಈಗ ನಾವು ಕೊಬ್ಬರಿಯನ್ನು ರಸ್ತೆಯಲ್ಲಿ ಹೋಗುವ ಪಾರ್ಸೆಲ್‌ಗೆ ಹಾಕುತ್ತೇವೆ.

ಹೊರಡುವ ಮುನ್ನ, ಕೌಂಟರಿನಲ್ಲಿ

ವೆಬ್ ಚೆಕ್-ಇನ್, ಅಂದರೆ ಬೋರ್ಡಿಂಗ್ ಪಾಸನ್ನು ಆನ್‌ಲೈನ್‌ನಲ್ಲೇ ಪಡೆಯುವ ಸೌಲಭ್ಯ, ಹೆಚ್ಚಾಗಿ 48 ಗಂಟೆ ಮೊದಲು ತೆರೆಯುತ್ತದೆ. ಮಾಡಿಕೊಂಡೇ ಹೋಗಿ. ಆಗದಿದ್ದರೆ ಹೆದರಬೇಡಿ. ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡಲು ಕೆಲವು ಕಂಪನಿಗಳು ₹200 ವಸೂಲು ಮಾಡುತ್ತಿದ್ದವು. ಹಾಗೆ ಮಾಡುವಂತಿಲ್ಲ ಎಂದು ವಿಮಾನಯಾನ ಸಚಿವಾಲಯ 2022ರ ಜುಲೈನಲ್ಲಿ ಹೇಳಿತು. ಯಾರಾದರೂ ಕೇಳಿದರೆ, ‘ಯಾವ ನಿಯಮದ ಪ್ರಕಾರ? ರಸೀದಿ ಕೊಡಿ’ ಎಂದು ಮೆತ್ತಗೆ ಕೇಳಿ. ಕೌಂಟರಿನಲ್ಲಿರುವ ಹುಡುಗ-ಹುಡುಗಿಯರು ದರ ಗೊತ್ತು ಮಾಡಿದವರಲ್ಲ, ಅವರ ಮೇಲೆ ಕೂಗಾಡಬೇಡಿ. ಆದರೆ ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಬಿಡಬೇಡಿ.

ತುಮಕೂರಿನಿಂದ ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋದರೆ ಬೆಂಗಳೂರಿನ ಟ್ರಾಫಿಕ್ ತಪ್ಪುತ್ತದೆ. ಹಾಗಿದ್ದರೂ ಧಾರಾಳ ಸಮಯ ಇಟ್ಟುಕೊಳ್ಳಿ. ಟಿಕೆಟ್‌ನಲ್ಲಿ ಟರ್ಮಿನಲ್ 1 ಅಥವಾ 2 ಎಂದಿರುವುದನ್ನು ನೋಡಿ ಡ್ರೈವರ್‌ಗೆ ಹೇಳಿ. ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುತ್ತದೆ.

ಪ್ರಯಾಣ ರದ್ದಾದರೆ

‘ಇದು ನಾನ್-ರಿಫಂಡಬಲ್ ಟಿಕೆಟ್, ಏನೂ ಬರುವುದಿಲ್ಲ’ ಎಂದರೆ ಸುಮ್ಮನಾಗಬೇಡಿ. ಟಿಕೆಟ್ ರದ್ದು ಮಾಡಿದರೂ, ವಿಮಾನ ತಪ್ಪಿದರೂ ಸರ್ಕಾರಿ ತೆರಿಗೆಗಳು ಮತ್ತು ನಿಲ್ದಾಣದ ಬಳಕೆದಾರರ ಶುಲ್ಕ ನಿಮಗೆ ವಾಪಸ್ ಬರಬೇಕು. ರಿಯಾಯಿತಿ ಟಿಕೆಟ್‌ಗೂ ಈ ನಿಯಮ ಅನ್ವಯಿಸುತ್ತದೆ. ರದ್ದತಿ ಶುಲ್ಕವೆಂದು ಮೂಲ ದರ ಮತ್ತು ಇಂಧನ ಶುಲ್ಕ ಕೂಡಿದ ಮೊತ್ತಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ರಿಫಂಡ್ ಕೊಡಲಿಕ್ಕೇ ಬೇರೆ ಶುಲ್ಕ ಕೇಳುವಂತೆಯೂ ಇಲ್ಲ.

ಅನ್ಯಾಯವಾಗಿದೆ ಎನ್ನಿಸಿದರೆ

ಮೊದಲು ಕಂಪನಿಗೆ ಇಮೇಲ್ ಬರೆಯಿರಿ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ. ಉತ್ತರ ಬಾರದಿದ್ದರೆ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ಪಿಎನ್‌ಆರ್ ಸಮೇತ ದೂರು ದಾಖಲಿಸಿ. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಕಂಪನಿಯ ಕಚೇರಿ ದೆಹಲಿಯಲ್ಲೋ ಮುಂಬೈಯಲ್ಲೋ ಇದ್ದರೂ, 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ತುಮಕೂರಿನಲ್ಲೇ, ದೂರು ಕೊಡಬಹುದು. ಕೊಟ್ಟ ಹಣ ₹5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಘಟನೆ ನಡೆದು ಎರಡು ವರ್ಷದೊಳಗೆ ದೂರು ಹೋಗಬೇಕು. ಟಿಕೆಟ್, ರಸೀದಿ, ಬ್ಯಾಗಿಗೆ ಅಂಟಿಸಿದ ಚೀಟಿ, ಸ್ಕ್ರೀನ್‌ಶಾಟ್‌ಗಳನ್ನು ಅಲ್ಲಿಯವರೆಗೆ ಎಸೆಯಬೇಡಿ.