ಮೊಲದ ಅಂಗಾಲು ನೋಡಿ ಹಾಸಿದ ನೆಲ

ಬೆಲ್ಲ, ಗೌರಿ ಅಂತ ಎರಡು ಮೊಲ ನಮ್ಮ ಮನೆಗೆ ಬಂದು ಮೂರು ವರ್ಷ ಆಯಿತು. ಕಲಬುರಗಿಯ ಬ್ರಹ್ಮಪುರದಲ್ಲಿ ಹಳೇ ಮನೆ ನಮ್ಮದು. ಒಳಗಿನ ಎರಡು ಖೋಲಿಗೆ ಶಹಾಬಾದ್ ಪರಸಿ, ಅಂದರೆ ಹಾಸುಗಲ್ಲು, ಆಮೇಲೆ ಕಟ್ಟಿದ ಮುಂದಿನ ಹಾಲಿಗೆ ನುಣುಪು ಟೈಲ್ಸ್. ಮೊಲಗಳ ಜೊತೆಗೇ ತಂತಿ ತಳದ ಪಂಜರವೂ ಬಂತು. ಹಿಕ್ಕೆ ಕೆಳಗೆ ಬೀಳ್ತದೆ, ಸ್ವಚ್ಛ ಇರ್ತದೆ ಅಂತ ಮಾರಿದವರು ಹೇಳಿದರು. ನಾನು ನಂಬಿದೆ.

ನಾಲ್ಕನೇ ತಿಂಗಳಿಗೆ ಅವ್ವ ಕಂಡುಹಿಡಿದಳು. "ಗೌರಿ ಯಾಕ ಹಂಗ ಕಾಲ ಬದಲಿಸಿ ಬದಲಿಸಿ ಕೂಡ್ತದ ನೋಡು" ಅಂದಳು. ಗೌರಿಯನ್ನು ಮಡಿಲಿಗೆ ಹಾಕಿಕೊಂಡು ಹಿಂಗಾಲಿನ ಕೆಳಗಿನ ಕೂದಲನ್ನು ಬೆರಳಿಂದ ಸರಿಸಿದೆ. ಹಿಮ್ಮಡಿಯಲ್ಲಿ ತೊಗರಿಕಾಳಿನಷ್ಟು ಜಾಗ ಬೋಳಾಗಿ, ಕೆಂಪಗೆ ಮಿರುಗುತ್ತಿತ್ತು. ಮುಟ್ಟಿದರೆ ಬಿಸಿ. ಕಾಲು ಸೆಳೆದುಕೊಂಡಳು. ನಾಯಿ, ಬೆಕ್ಕಿಗೆ ಇರುವಂಥ ಮೆತ್ತನೆಯ ಪಾದ ಮೊಲಕ್ಕೆ ಇಲ್ಲ, ಕೂದಲೊಂದೇ ಅದರ ಚಪ್ಪಲಿ ಅನ್ನೋದು ನನಗೆ ಅವತ್ತೇ ಗೊತ್ತಾದದ್ದು. ಆ ಕೂದಲು ಸವೆದರೆ ತೊಗಲು ನೇರವಾಗಿ ತಂತಿಗೆ ಒತ್ತುತ್ತದೆ. ಪಶುವೈದ್ಯರು ಗಾಯ ತೊಳೆದು ಮುಲಾಮು ಕೊಟ್ಟರು. ಪಂಜರದ ತಳ ಇವತ್ತೇ ತೆಗೆಯಿರಿ ಅಂದರು. ಉಗುರನ್ನೂ ಕತ್ತರಿಸಿದರು. ಉಗುರು ಉದ್ದವಾದರೆ ಬೆರಳು ಮೇಲಕ್ಕೆದ್ದು ಮೈಭಾರವೆಲ್ಲ ಹಿಮ್ಮಡಿಗೆ ಬೀಳುತ್ತದಂತೆ.

ಪಂಜರ ಅಟ್ಟ ಸೇರಿತು. ಮೊಲಗಳನ್ನು ಹಾಲಿಗೆ ಬಿಟ್ಟರೆ ಟೈಲ್ಸ್ ಮೇಲೆ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಜಾರಿದವು. ಹೆದರಿದ ಬೆಲ್ಲ ಸೋಫಾದ ಕೆಳಗಿನಿಂದ ಎರಡು ದಿನ ಹೊರಗೇ ಬರಲಿಲ್ಲ. ಟರ್ಕಿ ಟವಲ್ ಹಾಸಿದೆ. ಅದರ ಸಣ್ಣ ಕುಣಿಕೆಗಳಲ್ಲಿ ಉಗುರು ಸಿಕ್ಕಿಕೊಂಡು, ಎಳೆದಾಡಿ, ಒಂದು ಉಗುರು ಬುಡಕ್ಕೇ ಮುರಿದು ರಕ್ತ ಬಂತು.

ಆಮೇಲೆ ಅಜ್ಜಿ ಹೊಲಿದಿಟ್ಟ ಕೌದಿ ತೆಗೆದೆ. ಹಳೇ ಸೀರೆ, ಧೋತರದ ಪದರಗಳು. ಇದಕ್ಕಿಂತ ಮೆತ್ತಗೆ ಇನ್ನೇನಿದೆ ಅಂದುಕೊಂಡೆ. ಕಾಲಿಗೆ ನಿಜವಾಗಿಯೂ ಹಿತವಾಗಿತ್ತು, ಗೌರಿಯ ಗಾಯ ಒಣಗತೊಡಗಿದ್ದೂ ಅದರ ಮೇಲೇ. ಆದರೆ ಎಂಟು ದಿನಕ್ಕೆ ಹಿಕ್ಕೆಗಳು ಮಣಿಸರದ ಹಾಗೆ ದಾರದಲ್ಲಿ ಪೋಣಿಸಿಕೊಂಡು ಬಿದ್ದವು. ಕೌದಿಯ ಅಂಚು ನೋಡಿದರೆ ಹೊಲಿಗೆಯನ್ನೆಲ್ಲ ಕಚ್ಚಿ ಬಿಚ್ಚಿದ್ದಾರೆ. ಮೊಲಕ್ಕೆ ವಾಂತಿ ಮಾಡಲು ಆಗುವುದಿಲ್ಲ. ನುಂಗಿದ್ದು ಕರುಳಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಬರುತ್ತದೆ. ಆ ರಾತ್ರಿ ನಾನು ಮಲಗಲಿಲ್ಲ, ತಾಸಿಗೊಮ್ಮೆ ಎದ್ದು ಹುಲ್ಲು ತಿನ್ನುತ್ತಿವೆಯಾ ಅಂತ ನೋಡುತ್ತಿದ್ದೆ. ತಿನ್ನುತ್ತಿದ್ದವು. ಬೆಳಿಗ್ಗೆ ಕೌದಿ ಮಡಿಚಿ ಟ್ರಂಕಿಗೆ ಹಾಕಿದೆ.

ಈಗ ಹಾಲ್ ಬಿಟ್ಟು ಒಳಗಿನ ಪರಸಿ ಖೋಲಿಯನ್ನೇ ಅವುಗಳಿಗೆ ಕೊಟ್ಟಿದ್ದೇನೆ. ಮುಕ್ಕಾಲು ನೆಲಕ್ಕೆ ಹತ್ತಿಯ ದಪ್ಪ ಜಮಖಾನ, ಅದರ ಮೇಲೆ ಫ್ಲೀಸ್ ಅನ್ನುವ ಮೆತ್ತನೆಯ ಹೊದಿಕೆ ಬಟ್ಟೆ. ಅಂಚುಗಳನ್ನು ಒಳಗೆ ಮಡಚಿ ಮಂಚ, ಕಪಾಟಿನ ಕಾಲ ಕೆಳಗೆ ಒತ್ತಿಟ್ಟಿದ್ದೇನೆ, ಹಲ್ಲಿಗೆ ತುದಿ ಸಿಗಬಾರದು. ಫ್ಲೀಸಿನಿಂದ ಉದ್ದ ದಾರ ಬರುವುದಿಲ್ಲ, ಉಗುರೂ ಸಿಕ್ಕುವುದಿಲ್ಲ. ಹಾಗಂತ ಕಚ್ಚುವ ಮೊಲ ಅದನ್ನೂ ಕಚ್ಚುತ್ತದೆ, ತೂತು ಕಂಡ ದಿನವೇ ಬದಲಿಸುತ್ತೇನೆ. ಉಳಿದ ಕಾಲು ಭಾಗ ಬರಿ ಪರಸಿ. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುತ್ತದೆ, ಮೊಲಕ್ಕೋ 30ರ ಆಚೆಗೇ ಸಂಕಟ ಶುರು. ಮೈ ಬೆವರುವುದಿಲ್ಲ, ಹೆಚ್ಚಾಗಿ ಕಿವಿಯಿಂದಲೇ ಶಾಖ ಬಿಡಬೇಕು. ಮಧ್ಯಾಹ್ನ ಎರಡೂ ಥಂಡಿ ಪರಸಿಗೆ ಹೊಟ್ಟೆ ಹಚ್ಚಿ ಹಿಂಗಾಲು ಉದ್ದಕ್ಕೆ ಚಾಚಿ ಮಲಗುತ್ತವೆ. ಸಂಜೆಗೆ ತಾವಾಗಿಯೇ ಹಾಸಿಗೆಗೆ ಮರಳುತ್ತವೆ. ಪೂರ್ತಿ ಹಾಸಿದ್ದರೆ ಬೇಸಿಗೆಯಲ್ಲಿ ಒದ್ದಾಡುತ್ತಿದ್ದವು, ಪೂರ್ತಿ ಬರಿದು ಬಿಟ್ಟಿದ್ದರೆ ಹಿಮ್ಮಡಿ ಮತ್ತೆ ಕೆಂಪಾಗುತ್ತಿತ್ತು.

ಮಲಗುವ ಪೆಟ್ಟಿಗೆಗೆ ಏನು ತುಂಬಬೇಕು ಅಂತ ಬಹಳ ತಿರುಗಿದೆ. ಬಡಗಿಯ ಹತ್ತಿರ ತಂದ ಮರದ ಹೊಟ್ಟಿನ ಧೂಳಿಗೆ ಬೆಲ್ಲ ಸೀನಲು ಶುರು ಮಾಡಿದ. ಗಂಜ್ ಮಾರುಕಟ್ಟೆಯಿಂದ ತಂದ ತೊಗರಿ ಹೊಟ್ಟಿನಲ್ಲೂ ಅದೇ ಧೂಳು, ಮೇಲಾಗಿ ಹಾಸಿಗೆಯನ್ನೇ ತಿಂದುಬಿಟ್ಟರು, ಹಿಕ್ಕೆ ಮೆತ್ತಗಾಯಿತು. ಜೋಳದ ಕಣಕಿ ಎತ್ತಿಗೆ ಸರಿ, ಅದರ ದಂಟು ಮೊಲದ ಕಾಲಿಗೆ ಚುಚ್ಚುತ್ತದೆ. ಕೊನೆಗೆ ಹೊಂದಿದ್ದು ಭತ್ತದ ಹುಲ್ಲು. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಾಲುವೆ ನೀರಿನ ಗದ್ದೆಗಳಲ್ಲಿ ಅದು ಬೇಕಾದಷ್ಟು. ಆ ಕಡೆಯ ನೆಂಟರು ಬರುವಾಗ ಒಂದು ಚೀಲ ತರುತ್ತಾರೆ. ತಂದ ಕೂಡಲೇ ಹಾಸುವುದಿಲ್ಲ. ಮಾಳಿಗೆಯ ಮೇಲೆ ಎರಡು ದಿನ ಬಿಸಿಲಿಗೆ ಹರವಿ, ಹಿಡಿ ಹಿಡಿಯಾಗಿ ಕೊಡವಿ, ಮೂಗಿಗೆ ಹಿಡಿದು ನೋಡುತ್ತೇನೆ. ಮುಗ್ಗಲು ವಾಸನೆ ಬಂದರೆ, ಕರಿ ಚುಕ್ಕೆ ಕಂಡರೆ ಆ ಹಿಡಿ ಅಲ್ಲೇ ಬಿಟ್ಟೆ. ಕೂಲರ್ ಹಚ್ಚುವ ತಿಂಗಳುಗಳಲ್ಲಂತೂ ಹುಲ್ಲು ತೇವ ಹೀರಿ ಬೇಗ ಬೂಸ್ಟು ಹಿಡಿಯುತ್ತದೆ. ಆಗ ವಾರಕ್ಕೆ ಮೂರು ಸಲ ಬದಲಿಸುತ್ತೇನೆ, ಕೂಲರ್ ಗಾಳಿ ನೇರ ಪೆಟ್ಟಿಗೆಗೆ ಬೀಳದ ಹಾಗೆ ಸರಿಸಿಡುತ್ತೇನೆ.

ಉಚ್ಚೆಗೆ ಒಂದು ಮೂಲೆಯನ್ನು ಅವೇ ಆರಿಸಿಕೊಂಡವು. ಅಲ್ಲೇ ಅಗಲವಾದ ಪ್ಲಾಸ್ಟಿಕ್ ಬುಟ್ಟಿ ಇಟ್ಟು, ತಳಕ್ಕೆ ಪೇಪರು, ಮೇಲೆ ಹುಲ್ಲು ಹಾಕಿದೆ. ತಿನ್ನುವ ಹುಲ್ಲನ್ನೂ ಅದರ ಪಕ್ಕಕ್ಕೇ ಕಟ್ಟಿದೆ, ತಿನ್ನುತ್ತಲೇ ಹಿಕ್ಕೆ ಹಾಕುವುದು ಅವುಗಳ ಸ್ವಭಾವ. ಬೆಕ್ಕಿಗೆ ಮಾರುವ, ಗಟ್ಟಿಯಾಗುವ ಮರಳು ಮಾತ್ರ ಬೇಡ. ತಿಂದರೆ ಹೊಟ್ಟೆಯಲ್ಲಿ ಉಬ್ಬುತ್ತದೆ.

ಬುಟ್ಟಿಗೆ ಅಭ್ಯಾಸವಾಗುವ ಮೊದಲು ಪರಸಿಯ ಮೇಲೆ ಬಿದ್ದ ಉಚ್ಚೆ ಒಣಗಿ ಬಿಳಿ ಗಾರೆಯ ಹಾಗೆ ಅಂಟಿಕೊಂಡಿತ್ತು. ಮೊಲದ ಉಚ್ಚೆಯಲ್ಲಿ ಸುಣ್ಣದ ಅಂಶ ಬಹಳ. ವಿನೆಗರ್ ಅದನ್ನು ಕರಗಿಸುತ್ತದೆ ಅಂತ ಕೇಳಿ ಸುರಿದೆ. ಸುಂಯ್ ಅಂತ ಸಣ್ಣ ನೊರೆ ಎದ್ದಿತು. ಕಲೆ ಹೋಯಿತು, ಅಷ್ಟಗಲ ಪಾಲಿಶೂ ಹೋಯಿತು, ಕೈಯಾಡಿಸಿದರೆ ಉಪ್ಪುಕಾಗದದ ಹಾಗೆ ಒರಟು. ಶಹಾಬಾದ್ ಪರಸಿಯೂ ಸುಣ್ಣದ ಕಲ್ಲೇ, ಹುಳಿ ಅದನ್ನೂ ತಿನ್ನುತ್ತದೆ. ಈಗ ವಿನೆಗರ್ ಪ್ಲಾಸ್ಟಿಕ್ ಬುಟ್ಟಿಗಷ್ಟೇ. ಪರಸಿಗೆ ಬಿಸಿನೀರು, ಸ್ವಲ್ಪ ಅಡುಗೆ ಸೋಡಾ, ಅದೂ ಉಚ್ಚೆ ಹಸಿ ಇರುವಾಗಲೇ.

ಒರಟಾದ ಆ ಜಾಗದ ಮೇಲೆ ಈಗ ಜಮಖಾನ ಇದೆ. ಗೌರಿಯ ಹಿಮ್ಮಡಿಯ ಕೆಂಪು ಹೋಗಿದೆ, ಕೂದಲು ಮಾತ್ರ ಪೂರ್ತಿ ಬಂದಿಲ್ಲ. ಪ್ರತಿ ರವಿವಾರ ಮಡಿಲಿಗೆ ಹಾಕಿಕೊಂಡು ಹೆಬ್ಬೆರಳಿಂದ ಅಲ್ಲಿ ಮೆಲ್ಲಗೆ ಒತ್ತಿ ನೋಡುತ್ತೇನೆ. ಕಾಲು ಸೆಳೆದುಕೊಳ್ಳುವುದಿಲ್ಲ.