ರೇಟು ಮುಚ್ಚಿಡದ ನಮ್ಮ ಗುಂಪು

ಹೆಂಗಸರು ಹೆಂಗಸರಿಗೆ ಪ್ರೋತ್ಸಾಹ ಕೊಡಬೇಕು ಅಂತ ಯಾವ ಸಭೆಗೆ ಹೋದರೂ ಹೇಳುತ್ತಾರೆ. ಬೇಡ ಅನ್ನುವುದಿಲ್ಲ. ಆದರೆ ವ್ಯಾಪಾರದಲ್ಲಿ ನನ್ನ ಕೈಹಿಡಿದದ್ದು ಇನ್ನೊಬ್ಬರು ತಮ್ಮ ರೇಟು, ತಮ್ಮ ಲೆಕ್ಕ, ತಮಗೆ ಗೊತ್ತಿದ್ದ ಅಂಗಡಿಯವರ ಫೋನ್ ನಂಬರ್ ಬಿಟ್ಟುಕೊಟ್ಟದ್ದು.

ನಾನು ಕೊಡಗಿನ ಗೋಣಿಕೊಪ್ಪದ ಹತ್ತಿರ ಮನೆಯಲ್ಲೇ ಕಾಫಿ ಪುಡಿ ಮಾಡುತ್ತೇನೆ. ಅದಕ್ಕೆ ಮೊದಲು ಕಾಫಿ ಬೀಜದ ಸಿಪ್ಪೆ ತೆಗೆದು ಹದ ಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುತ್ತಿದ್ದೆ. ನಮ್ಮದು ದೊಡ್ಡ ಸಂಘವೇನಲ್ಲ. ನಾಪೋಕ್ಲಿನಲ್ಲಿ ಕಾಚಂಪುಳಿ (ಅಡುಗೆಗೆ ಹಾಕುವ ಕಪ್ಪು ಹುಳಿ ರಸ) ಮಾಡುವ ಅಕ್ಕ, ಸೋಮವಾರಪೇಟೆ ಕಡೆಯ ಜಾಮ್ ಮಾಡುವವರು, ಹೋಂಸ್ಟೇ ನಡೆಸುವ ಇಬ್ಬರು, ಮಡಿಕೇರಿ ಹತ್ತಿರ ರೆಸಾರ್ಟಿನಲ್ಲಿ ಕೆಲಸಕ್ಕಿರುವ ಒಬ್ಬಳು ಹುಡುಗಿ, ಮತ್ತೆ ನನ್ನ ಹಾಗೇ ಕಾಫಿ ಪುಡಿ ಮಾಡುವ ವಿರಾಜಪೇಟೆಯವರು. ಕೆಲವರು ಮೊದಲಿಂದ ಸ್ತ್ರೀಶಕ್ತಿ ಸಂಘದಲ್ಲಿದ್ದವರು. ಅಲ್ಲಿ ಉಳಿತಾಯ, ಸಾಲ, ಕಂತು ಎಲ್ಲ ಚೆನ್ನಾಗೇ ನಡೆಯುತ್ತಿತ್ತು, ಆದರೆ ನೀವು ಎಷ್ಟಕ್ಕೆ ಮಾರುತ್ತೀರಿ ಅಂತ ಕೇಳಿದರೆ ಎಲ್ಲರಿಗೂ ಬೇರೆ ಮಾತು ನೆನಪಾಗುತ್ತಿತ್ತು. ಅದಕ್ಕೇ ಭಾನುವಾರ ಗೋಣಿಕೊಪ್ಪದ ಸಂತೆ ಮುಗಿಸಿ ಸೇರುವುದು ಅಂತ ಮಾಡಿಕೊಂಡೆವು. ನಿಯಮ ಒಂದೇ. ಲೆಕ್ಕದ ಪುಸ್ತಕ ತರಬೇಕು, ತೆರೆದು ತೋರಿಸಬೇಕು.

ಮೊದಲು ಪುಸ್ತಕ ತೆರೆದದ್ದು ವಿರಾಜಪೇಟೆಯವರು. ಅಂಗಡಿಗೆ ಕೆ.ಜಿ. ಪುಡಿ 450 ರೂಪಾಯಿಗೆ ಕೊಡುತ್ತಿದ್ದರು, ಲಾಭ ಇದೆ ಅಂದುಕೊಂಡಿದ್ದರು. ಸ್ವಂತ ತೋಟದ ಬೀಜ ಅಲ್ವಾ, ಅದಕ್ಕೇನು ಖರ್ಚು ಅಂತ. ಕೂತು ಲೆಕ್ಕ ಹಾಕಿದೆವು. ಆಗ ಆ ಬೀಜಕ್ಕೆ ವ್ಯಾಪಾರಿ 400 ರೂಪಾಯಿ ಕೊಡುತ್ತಿದ್ದ. ಹುರಿದರೆ ತೂಕ ಇಳಿಯುತ್ತದೆ, ಅವರ ರೋಸ್ಟಿಗೆ ನೂರಕ್ಕೆ 18ರಷ್ಟು. ಒಂದು ಕೆ.ಜಿ. ಬೀಜ ಹಾಕಿದರೆ ಸಿಗುವುದು 820 ಗ್ರಾಂ. ಅಂದರೆ ಪುಡಿಯ ಅಸಲೇ ಕೆ.ಜಿ.ಗೆ 488 ರೂಪಾಯಿ ಆಯಿತು. ಗ್ಯಾಸ್, ಕರೆಂಟು, ಕವರು, ಲೇಬಲ್ ಇನ್ನೂ ಸೇರಿಸಿಲ್ಲ. ಬೀಜವನ್ನು ಹಾಗೇ ಮಾರಿ ಮನೆಯಲ್ಲಿ ಸುಮ್ನೆ ಕೂತಿದ್ದರೆ ಜಾಸ್ತಿ ದುಡ್ಡು ಬರುತ್ತಿತ್ತು! ನಾಪೋಕ್ಲಿನ ಅಕ್ಕ ಪುಸ್ತಕ ಎಳೆದುಕೊಂಡು, "ಇದರಲ್ಲಿ ನಿಮ್ಮ ಕೂಲಿ ಎಲ್ಲಿ ಬರೆದಿದ್ದೀರಿ?" ಅಂತ ಕೇಳಿದರು. ತೋಟದಲ್ಲಿ ಹಣ್ಣು ಕುಯ್ಯುವವರ ಕೂಲಿ ಪೈಸೆ ಸಮೇತ ಇತ್ತು. ಹುರಿದು, ಪುಡಿ ಮಾಡಿ, ಪ್ಯಾಕ್ ಮಾಡಿದವರದ್ದು ಇರಲಿಲ್ಲ. ಆಮೇಲೆ ನೋಡಿದರೆ ನಮ್ಮಲ್ಲಿ ಯಾರ ಪುಸ್ತಕದಲ್ಲೂ ಅದು ಇರಲಿಲ್ಲ ಅನ್ನಿ. ಮುಂದಿನ ಭಾನುವಾರದೊಳಗೆ ಎಲ್ಲರೂ ರೇಟು ಏರಿಸಿದೆವು. ಒಂದೆರಡು ಅಂಗಡಿಯವರು ಗೊಣಗಿದರು, ಅಷ್ಟೇ.

ನಾನು ಹೊಸದಾಗಿ ಚಿಕೋರಿ (ಕಾಫಿಗೆ ಬೆರೆಸುವ ಒಂದು ಬೇರಿನ ಪುಡಿ) ಸೇರಿಸಿದ ಪುಡಿ ಶುರು ಮಾಡಿದಾಗ ಲೇಬಲ್ ಬಗ್ಗೆ ಹೇಳಿಕೊಟ್ಟದ್ದು ಅದೇ ವಿರಾಜಪೇಟೆಯವರು. ಚಿಕೋರಿ ನೂರಕ್ಕೆ 49 ದಾಟುವ ಹಾಗಿಲ್ಲ, ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ಕಾಣುವಂತೆ ಬರೆಯಲೇಬೇಕು. ನನ್ನ ಎದುರಾಳಿ ಅನ್ನಿಸಿಕೊಳ್ಳಬೇಕಾದವರು ಇದನ್ನು ಹೇಳಬೇಕಾಗಿರಲಿಲ್ಲ. "ನಿನ್ನ ಗಿರಾಕಿ ಅವಳ ಪಾಲಾದರೆ ಏನು ಮಾಡ್ತೀಯ?" ಅಂತ ನಮ್ಮ ಮನೆಯವರೂ ಕೇಳಿದ್ದುಂಟು. ಚಿಕೋರಿ ಬೇಕು ಅನ್ನುವ ಗಿರಾಕಿಯನ್ನು ಅವರು ನನ್ನ ಹತ್ತಿರ ಕಳಿಸುತ್ತಾರೆ, ಬರೀ ಅರೇಬಿಕಾ ಕೇಳುವವರನ್ನು ನಾನು ಅವರ ಹತ್ತಿರ ಕಳಿಸುತ್ತೇನೆ. ಇದು ಎಲ್ಲ ಕಡೆ ನಡೆಯುತ್ತದೆ ಅಂತ ನಾನೇನೂ ಹೇಳುವುದಿಲ್ಲ. ರೇಟು ಹೇಳಲು ಮನಸ್ಸಿಲ್ಲದೆ ಗುಂಪು ಬಿಟ್ಟವರೂ ಇದ್ದಾರೆ, ಅವರ ಮೇಲೆ ಸಿಟ್ಟಿಲ್ಲ.

ಅಂಗಡಿಗಳ ವಿಷಯ. ಪ್ರವಾಸಿಗರಿಗೆ ಮಾರುವ ಅಂಗಡಿಯವರಲ್ಲಿ ಕೆಲವರು ಸಾಲಕ್ಕೆ ಮಾಲು ಇಳಿಸಿಕೊಂಡು ಸೀಸನ್ ಮುಗಿಯಲಿ ಅಂತಾರೆ. ಸೀಸನ್ ಮುಗಿದರೆ ಮಳೆ, ಮಳೆಯಲ್ಲಿ ವ್ಯಾಪಾರ ಇಲ್ಲ ಅಂತಾರೆ. ಒಂದು ಅಂಗಡಿಯಲ್ಲಿ ಹೀಗೇ ಆಗಿತ್ತು. ಪುಸ್ತಕ ತೆರೆದಾಗಲೇ ಗೊತ್ತಾದದ್ದು, ನಮ್ಮಲ್ಲಿ ಮೂವರಿಗೆ ಅದೇ ಅಂಗಡಿಯಿಂದ ಬಾಕಿ. ಒಬ್ಬೊಬ್ಬರೇ ಹೋದಾಗ "ನಾಳೆ ಬನ್ನಿ ಅಕ್ಕ" ಅಂತಿದ್ದವರು, ಮೂವರೂ ಒಟ್ಟಿಗೆ ಬಿಲ್ ಹಿಡಿದು ಗಿರಾಕಿಗಳು ತುಂಬಿದ ಹೊತ್ತಿಗೆ ಹೋಗಿ ನಿಂತಾಗ ಅವತ್ತೇ ಚೆಕ್ ಬರೆದರು. ಈಗ ಯಾರು ಯಾವಾಗ ದುಡ್ಡು ಕೊಡುತ್ತಾರೆ ಅಂತ ಒಂದು ಪಟ್ಟಿಯೇ ಇದೆ ನಮ್ಮ ಹತ್ತಿರ.

ಸಾಲದ ಕಥೆ ಇನ್ನೊಂದು. ನಮ್ಮಲ್ಲಿ ತಲೆಮಾರಿನಿಂದ ಬಂದ ಜಮ್ಮ ಜಾಗ ಕುಟುಂಬದ ಗಂಡಸರ ಹೆಸರಲ್ಲಿರುವುದೇ ಜಾಸ್ತಿ, ತೋಟದಲ್ಲಿ ದಿನಾ ದುಡಿದರೂ ಬ್ಯಾಂಕಿಗೆ ತೋರಿಸಲು ಹೆಂಗಸಿನ ಹೆಸರಲ್ಲಿ ಪತ್ರ ಇರುವುದಿಲ್ಲ. ಸಣ್ಣ ಆಹಾರ ಘಟಕಗಳಿಗೆ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಸಬ್ಸಿಡಿ ನೂರಕ್ಕೆ 35, ಅದರ ಮೇಲೆ ನಮ್ಮ ರಾಜ್ಯದ್ದು 15. ಮೊದಲು ಬೀಜ ಹುರಿಯುವ ರೋಸ್ಟರ್‌ಗೆ ಅರ್ಜಿ ಹಾಕಿದವಳು ನಾನು. ಸಬ್ಸಿಡಿ ಕೈಗೆ ಸಿಗುವುದಿಲ್ಲ, ಬ್ಯಾಂಕಿನಲ್ಲೇ ಕೂತು 3 ವರ್ಷ ಕಂತು ಸರಿಯಾಗಿ ಕಟ್ಟಿದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಇದನ್ನು ಮೊದಲೇ ತಿಳಿದಿರಬೇಕು, ಇಲ್ಲದಿದ್ದರೆ ಸಬ್ಸಿಡಿ ದುಡ್ಡು ನಂಬಿಕೊಂಡು ಬೇರೆ ಕಡೆ ಕೈ ಸಾಲ ಮಾಡುತ್ತೇವೆ. ನನ್ನ ಪ್ರಾಜೆಕ್ಟ್ ರಿಪೋರ್ಟನ್ನು ಜಾಮ್ ಮಾಡುವವರಿಗೆ ಕೊಟ್ಟೆ. ಯಂತ್ರದ ಕೊಟೇಶನ್ ಬದಲಿಸಿ, ಅಂಕಿ ತಮ್ಮದು ಹಾಕಿಕೊಂಡರು. ಬ್ಯಾಂಕಿಗೆ ಜೊತೆಗೆ ಹೋಗಿ ಸುಮ್ಮನೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. "ಯಜಮಾನರು ಬಂದಿಲ್ವಾ?" ಅನ್ನುವ ಪ್ರಶ್ನೆಗೆ "ಇಲ್ಲ, ಲೆಕ್ಕ ಇವರಿಗೇ ಗೊತ್ತಿರೋದು" ಅಂತ ನಾನೇ ಹೇಳಿಬಿಟ್ಟೆ. ನಮ್ಮ ಬಗ್ಗೆ ನಾವೇ ಹಾಗೆ ಹೇಳಿಕೊಳ್ಳುವುದು ಕಷ್ಟ, ಪಕ್ಕದವರು ಹೇಳಿದರೆ ಸಲೀಸು.

ರೆಸಾರ್ಟಿನ ಹುಡುಗಿಗೆ ಅಂಗಡಿ ಇಲ್ಲ, ಮಾಲು ಇಲ್ಲ. ಅವಳ ಪುಸ್ತಕದಲ್ಲಿ ಏನು ಬರೆಯುವುದು? ಹೋಂಸ್ಟೇ ಅಕ್ಕ ಉಪಾಯ ಹೇಳಿದರು. ಮೇಲಿನವರು ಇಲ್ಲದಾಗ ನೀನು ಏನೇನು ನಿಭಾಯಿಸಿದೆ ಅಂತ ತಾರೀಖು ಹಾಕಿ ಬರೆದಿಡು. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದು ದಾರಿಯಲ್ಲೇ ಸಿಕ್ಕಿಕೊಂಡ ಅತಿಥಿಗಳಿಗೆ ರಾತ್ರಿ ಊಟ, ಬೇರೆ ಗಾಡಿ ವ್ಯವಸ್ಥೆ ಮಾಡಿದ್ದು, ದಾಸ್ತಾನಿನಲ್ಲಿ ಪೋಲಾಗುತ್ತಿದ್ದದ್ದನ್ನು ಹಿಡಿದದ್ದು, ಎಲ್ಲ ಬರೆದಳು. ಬಡ್ತಿ ಮಾತು ಬಂದಾಗ ಆ ಪುಸ್ತಕವನ್ನೇ ಮುಂದಿಟ್ಟಳು. ಈಗ ಅವಳು ಖರೀದಿ ನೋಡಿಕೊಳ್ಳುತ್ತಾಳೆ.

ಹಾಗಂತ ನಮಗೆಲ್ಲ ಆರ್ಡರ್ ಸಿಕ್ಕಿಬಿಟ್ಟಿತು ಅಂದುಕೊಳ್ಳಬೇಡಿ. ಆ ಹುಡುಗಿ ಖರೀದಿಗೆ ಬಂದ ಮೊದಲ ತಿಂಗಳಲ್ಲೇ ಸೋಮವಾರಪೇಟೆಯವರ ಜಾಮ್ ಬಾಟಲಿಯ ಮುಚ್ಚಳ ಸೋರುತ್ತದೆ ಅಂತ ಇಡೀ ಪೆಟ್ಟಿಗೆ ವಾಪಸ್ ಕಳಿಸಿದಳು. ಅವರಿಗೆ ಬೇಜಾರಾಯಿತು, ಎರಡು ಭಾನುವಾರ ಬರಲಿಲ್ಲ. ನನ್ನ ಪ್ರಕಾರ ಹುಡುಗಿ ಮಾಡಿದ್ದೇ ಸರಿ. ಸೋರುವ ಬಾಟಲಿ ಇಳಿಸಿಕೊಂಡಿದ್ದರೆ ಅವಳ ಕೆಲಸಕ್ಕೇ ಕುತ್ತು, ಇನ್ಯಾವ ಹೆಂಗಸನ್ನೂ ಆ ಜಾಗದಲ್ಲಿ ಕೂರಿಸುತ್ತಿರಲಿಲ್ಲ. ಆದರೆ ಅವಳು ಸುಮ್ಮನೆ ವಾಪಸ್ ಕಳಿಸಿ ಬಿಟ್ಟಿರಲಿಲ್ಲ, ಒಳ್ಳೆ ಮುಚ್ಚಳ ಮಾರುವವರ ನಂಬರನ್ನೂ ಕಳಿಸಿದ್ದಳು. ಜಾಮ್ ಈಗ ಅಲ್ಲಿ ಬೆಳಗಿನ ತಿಂಡಿಗೆ ಇಡುತ್ತಾರೆ.

ದಸರಾ ಹೊತ್ತಿಗೆ ಉಡುಗೊರೆ ಪೆಟ್ಟಿಗೆಗಳ ಆರ್ಡರ್ ಬರುತ್ತದೆ, ಒಬ್ಬರ ಕೈಯಲ್ಲಿ ಆಗುವಂಥದ್ದಲ್ಲ. ಬಿಲ್ ಯಾರ ಹೆಸರಲ್ಲಿ, ಪೆಟ್ಟಿಗೆ ಕೊಳ್ಳುವವರು ಯಾರು, ದುಡ್ಡು ಬಂದ ಎಷ್ಟು ದಿನಕ್ಕೆ ಹಂಚಬೇಕು, ಎಲ್ಲ ಮೊದಲೇ ಬರೆದು ಸಹಿ ಹಾಕುತ್ತೇವೆ. ಕಾಚಂಪುಳಿ, ಜಾಮ್‌ಗೆ ತಕರಾರಿಲ್ಲ, ಮಾಡುವವರು ಒಬ್ಬೊಬ್ಬರೇ. ಕಾಫಿ ಮಾತ್ರ ವರ್ಷ ಬಿಟ್ಟು ವರ್ಷ. ಈ ಸಲ ವಿರಾಜಪೇಟೆಯವರದ್ದು, ಬರುವ ವರ್ಷ ನನ್ನದು.